ಸಾಹುಕಾರರು ನೋಡಿ ಬಂದ ಸಮುದ್ರ

ಸಮುದ್ರ ನೋಡಲು ಹೊರಡುವ ಹಿಂದಿನ ದಿನ ಡ್ರೈವರ್ ಮಾಳಪ್ಪ ಎಂದಿನಂತೆ ಸಾಹುಕಾರರ ಮೋಟಾರನ್ನು ಹೊಳೆಗೆ ಇಳಿಸಿ ತೊಳೆದ. ನಾಗನೂರಿನವರು ಬೇಸಿಗೆಯಲ್ಲಿ ನೀರು ಸರಿದ ಮೇಲೆ ಎತ್ತು, ಗಾಡಿ ಎಲ್ಲವನ್ನೂ ಉಸುಕಿಗೆ ಇಳಿಸಿಯೇ ತೊಳೆಯುವವರು. ಊರಿಗೆ ಮೋಟಾರು ಬಂತು, ಅದನ್ನೂ ಇಳಿಸಿದರು. ಬೇಸಿಗೆಯಲ್ಲಿ ಸರಿದ ಹೊಳೆ ಮಳೆಗಾಲದ ತನಕ ತಿರುಗಿ ನೋಡುವುದಿಲ್ಲ. ಅಲ್ಲೇ ರೊಟ್ಟಿ ತಿನ್ನಬಹುದು, ಅಲ್ಲೇ ಮಲಗಬಹುದು.

ಮನೆಗೆ ಬಂದವನು ಪಲ್ಯಕ್ಕೆ ಖಾರ ಸಾಲದು ಎಂದ. ನಾಳೆ ಸಾಹುಕಾರರ ಮನೆಯ ಹೋಳಿಗೆ ತಿನ್ನುವವನಿಗೆ ನನ್ನ ಖಾರ ಯಾಕೆ ಎಂದಳು ಹೆಂಡತಿ ಶೆಟ್ಟೆವ್ವ. ಅವನು ನಕ್ಕು ಕಂಬಳಿ ಹಾಸಿಕೊಂಡ. ಅಷ್ಟೇ ಮಾತು.

ಅಪ್ಪಣ್ಣ ಸಾಹುಕಾರರಿಗೆ ಸಮುದ್ರದ ಹುಕಿ ಹತ್ತಿಸಿದವನು ಮುಂಬೈಯ ಯಾವನೋ ಹತ್ತಿ ವ್ಯಾಪಾರಿ. ಕಾರವಾರದ ದಂಡೆಯ ರಸ್ತೆಯಲ್ಲಿ ಮೋಟಾರು ಓಡಿಸದವನು ಮನುಷ್ಯನೇ ಅಲ್ಲ ಅಂದಿದ್ದನಂತೆ. ಮನುಷ್ಯರಾಗುವುದಕ್ಕೆ ಸಾಹುಕಾರರು ಹೆಂಡತಿ ಗೌರವ್ವನನ್ನು ಕೂರಿಸಿಕೊಂಡು ಹೊರಟರು.

ವಾರ ತುಂಬುವುದರೊಳಗೆ ಗಂಡ ಹೆಂಡತಿ ಸರ್ವಿಸ್ ಬಸ್ಸಿನಲ್ಲಿ ತಿರುಗಿ ಬಂದರು. ತಮ್ಮ ಮೋಟಾರು ಇಲ್ಲ, ಮಾಳಪ್ಪ ಇಲ್ಲ. ಸಮುದ್ರದಲ್ಲಿ ಮುಳುಗಿದ, ಅಲ್ಲಿಯ ಮೀನುಗಾರರೇ ಮಣ್ಣು ಮಾಡಿದರು ಅಂದರು. ಅವನದೆಂದು ಒಂದು ಚಪ್ಪಲಿಯನ್ನೂ ತರಲಿಲ್ಲ. ತೆಂಗಿನಕಾಯಿ ಮಾತ್ರ ಒಂದು ಚೀಲ ತಂದಿದ್ದರು.

ಶೆಟ್ಟೆವ್ವನ ಬಳೆ ಒಡೆದು ಇನ್ನೂ ತಿಂಗಳಾಗಿರಲಿಲ್ಲ, ಸಾಹುಕಾರರು ಗುಡಿಯ ಕಟ್ಟೆಯ ಮೇಲೆ ಸಮುದ್ರದ ಕಥೆ ಬಿಚ್ಚಿದರು. ಒಂದು ಬಾಜೂ ಗುಡ್ಡವಂತೆ, ಒಂದು ಬಾಜೂ ನೀರಂತೆ. ರಸ್ತೆ ಹಾವಿನ ಹಾಗೆ ಹರಿಯುತ್ತದಂತೆ. ತಿರುವಿಗೊಮ್ಮೆ ಇವರು ಗಾಡಿ ನಿಲ್ಲಿಸಿ ಇಳಿದು, ಸೊಂಟದ ಮೇಲೆ ಕೈಯಿಟ್ಟು ನೋಡಿದರಂತೆ. ನೀರೆಂದರೆ ನೀರಲ್ಲವಂತೆ, ನೀಲಿ ರೇಷ್ಮೆಯಂತೆ. ಜೋಳದ ಹೊಲ ಬಿಟ್ಟರೆ ಬೇರೇನೂ ಕಾಣದವರು ಬಾಯಿ ತೆರೆದು ಕೇಳಿದರು. ಮಾಳಪ್ಪನ ಸಾವು ಕಥೆಯ ಕೊನೆಗೆ ಬರುತ್ತಿತ್ತು, ಊಟದ ಕೊನೆಯ ಮಜ್ಜಿಗೆಯ ಹಾಗೆ.

“ಹುಂಬ ಅಂವಾ,” ಎನ್ನುತ್ತಿದ್ದರು ಸಾಹುಕಾರರು. “ಹೇಳದ ಕೇಳದ ಗಾಡಿ ಉಸುಕಿಗೆ ಇಳಿಸಿದ. ನನ್ನ ಮೋಟಾರೂ ಹೋತು.”

ಊರಿಗೆ ಅಷ್ಟೇ ಸಾಕಾಯಿತು. ಯಾರಾದರೂ ಹಗ್ಗ ಕಟ್ಟದೆ ಕೊಡ ಬಾವಿಗೆ ಬಿಟ್ಟರೆ, ಮಾಳಪ್ಪನ ಬುದ್ಧಿ ನೋಡು ಎಂದು ನಗುವುದು ಶುರುವಾಯಿತು. ಗಂಡ ಸತ್ತದ್ದಕ್ಕೆ ಶೆಟ್ಟೆವ್ವ ಅತ್ತಿದ್ದಳು. ಇದಕ್ಕೆ ಅಳು ಬರಲಿಲ್ಲ. ಹಾರ್ನು ಬಾರಿಸುವುದಕ್ಕೂ ‘ಬಾರಸ್ಲೇನ್ರಿ’ ಎಂದು ಕೇಳುತ್ತಿದ್ದ ಗಂಡಸು ಹೇಳದೆ ಗಾಡಿ ಇಳಿಸಿದನೇ? ಜೀವ ಹೋಯಿತು, ಅದು ಬರುವುದಿಲ್ಲ. ಈ ಹೆಸರು ಅಳಿಯಬೇಕು, ಅಷ್ಟೇ ಅವಳಿಗೆ ಬೇಕಾದದ್ದು.

ಹಿತ್ತಿಲ ಬಾಗಿಲಿಂದ ಸಾಹುಕಾರರ ಮನೆಗೆ ಹೋದಳು. ಗೌರವ್ವ ಆ ಚೀಲದ ಕಾಯಿಯನ್ನೇ ಒಡೆಯುತ್ತಿದ್ದಳು.

“ಇಳಸಂತ ಯಾರ ಅಂದ್ರವ್ವಾ?”

ಗೌರವ್ವ ಪಡಸಾಲೆಯ ಕಡೆ ನೋಡಿ, ದನಿ ತಗ್ಗಿಸಿ ನಡೆದದ್ದು ಹೇಳಿದಳು. ಘಟ್ಟದ ಕೆಂಧೂಳು ಗಾಲಿಗೆ ಮೆತ್ತಿತ್ತು. ನೀರು ದೂರ ಸರಿದಿತ್ತು, ಉಸುಕು ಗಟ್ಟಿಯಾಗಿತ್ತು. ತೊಳೆ ಎಂದರು ಸಾಹುಕಾರರು. ದೂರದಲ್ಲಿ ಒಬ್ಬ ಮೀನುಗಾರ ಕೈ ಬೀಸಿ ಕೂಗುತ್ತಿದ್ದ, ಅವನ ಮಾತು ಇವರಿಗೆ ತಿಳಿಯಲಿಲ್ಲ. ಆ ಮನುಷ್ಯ ಬೇಡ ಅನ್ನುತ್ತಿದ್ದಾನೆ ಎಂದು ಮಾಳಪ್ಪ ಹೇಳಿದ. ಅದಕ್ಕೆ ಸಾಹುಕಾರರು ಅಂದದ್ದು ಇಷ್ಟು: “ನಮ್ಮ ಹೊಳ್ಯಾಗ ಇಳಸೂದಿಲ್ಲೇನಲೇ? ನೀರು ಹಿಂದ ಸರದೈತಿ, ಕಣ್ಣ ಕಾಣಸೂದಿಲ್ಲೇನು?”

ಇಳಿಸಿದ, ತೊಳೆದ. ಗಾಡಿಯನ್ನು ಉಸುಕಿನಲ್ಲೇ ಬಿಟ್ಟು ಎಲ್ಲರೂ ದಂಡೆಯ ನೆರಳಿನಲ್ಲಿ ಹೋಳಿಗೆ ತಿಂದು ಮಲಗಿದರು. ಒಂದೇ ಹಗಲಿನಲ್ಲಿ ಹೋಗಿ ಬರುವ ನೀರನ್ನು ಅವರ ಪೈಕಿ ಯಾರು ಕಂಡಿದ್ದರು? ಸಾಹುಕಾರರಿಗೆ ಎಚ್ಚರವಾದಾಗ ತೆರೆ ಗಾಲಿ ಮುಟ್ಟಿತ್ತು. ಮಾಳಪ್ಪನನ್ನು ಎಬ್ಬಿಸಿ ಗಾಡಿ ತರಲು ಅಟ್ಟಿದರು. ಗಾಲಿ ಹೂತಿತ್ತು. ಅವನು ಹೊಳೆ ಈಜಿದವನು, ತೆರೆ ಈಜಿದವನಲ್ಲ.

“ಇದನ್ನ ಕಟ್ಟಿ ಮ್ಯಾಲ ಹೇಳಸ್ರಿ.”

“ಅವರ ಮರ್ಯಾದಿ ಏನಾಗಬೇಕ ಶೆಟ್ಟೆವ್ವಾ?” ಎನ್ನುತ್ತ ಗೌರವ್ವ ಅವಳ ಸೆರಗಿಗೆ ಒಂದು ಕಾಯಿ ಹಾಕಿದಳು.

“ಮುಳುಗಿದ್ದು ನನ್ನ ಗಂಡ, ತೇಲಿದ್ದು ನಿನ್ನ ಗಂಡನ ಮರ್ಯಾದಿ,” ಎಂದು ಶೆಟ್ಟೆವ್ವ ಕಾಯಿಯನ್ನು ಒರಳಿನ ಮೇಲಿಟ್ಟು ಬಂದಳು.

ಆ ಊರಲ್ಲಿ ಬೀಸುವ ಹೆಣ್ಣಿನ ಬಾಯಿಗೆ ಯಾರೂ ಕೈ ಅಡ್ಡ ಇಡುವುದಿಲ್ಲ. ಕಲ್ಲು ತಿರುಗುವಾಗ ಹಾಡಿನಲ್ಲಿ ಅತ್ತೆಯನ್ನು ಬೈಯಬಹುದು, ಗೌಡನನ್ನೂ ಬೈಯಬಹುದು. ಕಲ್ಲು ನಿಂತ ಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ಶೆಟ್ಟೆವ್ವನ ಕಂಠ ಒಡಕು. ಆದರೂ ಮರುದಿನ ಮುಂಜಾನೆ ಬೀಸುವ ಕಲ್ಲಿನ ಮುಂದೆ ಕೂತು, ಇಳಿಸು ಅಂದವರು ಯಾರು, ಬೇಡ ಅಂದವನು ಯಾರು, ನಿದ್ದೆ ಮಾಡಿ ಎದ್ದು ಅಟ್ಟಿದವರು ಯಾರು, ಎಲ್ಲವನ್ನೂ ಹೆಸರು ಹಿಡಿದು ಹಾಡಿದಳು. ಗೋಡೆಯಾಚೆ ಪಾರವ್ವನ ಕಲ್ಲು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ತಿರುಗಿತು. ಮರುದಿನ ಪಾರವ್ವನೂ ದನಿಗೂಡಿಸಿದಳು, ಆಮೇಲೆ ಓಣಿ ಕಲಿಯಿತು. ಸಾಹುಕಾರರು ಆಳನ್ನು ಕಳಿಸಿ ನಿಲ್ಲಿಸಲು ಹೇಳಿದರು. ಪಾರವ್ವನ ಅತ್ತೆ, ಹಾಗಾದರೆ ನಿಮ್ಮ ಸಾಹುಕಾರರೇ ಬಂದು ಬೀಸಿ ಕೊಡಲಿ ಎಂದು ಅವನನ್ನು ಹೊರಗಟ್ಟಿದಳು. ಸಾಹುಕಾರರ ಮನೆಯಲ್ಲಿ ಬೀಸುವವಳಿಗೂ ಅದೇ ಹಾಡು ಬಾಯಿಗೆ ಬಂತು.

ಹೊಳೆಗೆ ಹೊಸ ನೀರು ಬರುವಷ್ಟರಲ್ಲಿ ಕಟ್ಟೆಯ ಮೇಲೆ ಸಮುದ್ರ ಬತ್ತಿತು. ಹಗ್ಗ ಕಟ್ಟದೆ ಕೊಡ ಬಿಟ್ಟವರಿಗೆ ಈಗ ಸಾಹುಕಾರನ ಬುದ್ಧಿ ಅನ್ನುತ್ತಾರೆ.

ಶೆಟ್ಟೆವ್ವ ಈಗಲೂ ದಿನಾ ಮುಂಜಾನೆ ಜೋಳ ಬೀಸುತ್ತಾಳೆ. ಒಬ್ಬಳ ಹೊಟ್ಟೆಗೆ ಒಂದು ಬೊಗಸೆ ಸಾಕು. ಎರಡು ಹಾಕಿಕೊಳ್ಳುತ್ತಾಳೆ, ಹಾಡು ಮುಗಿಯಬೇಕಲ್ಲ.