ಬಂಡೆಪ್ಪನವರ ಎರಡನೆಯ ಪ್ರಶ್ನೆ

ಬಂಡೆಪ್ಪನವರ ಬಿಳಿ ಕೋಟಿನ ಜೇಬಿನಲ್ಲಿ ಕುರಿ ಉಣ್ಣೆಯ ದಾರದ ಉಂಡೆಯೊಂದು ಸದಾ ಇರುತ್ತಿತ್ತು. ರಾಯಚೂರಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಅವರು ರಕ್ತ ಪರೀಕ್ಷೆ ಮಾಡುವವರು, ನಾನು ಹೆರಿಗೆ ವಾರ್ಡಿಗೆ ಹೊಸದಾಗಿ ಬಂದ ನರ್ಸು. ಕೂಸು ಹುಟ್ಟಿದೊಡನೆ ತಾಯಿಯ ರಕ್ತ ಒಂದು ಸೀಸೆಗೆ, ಹೊಕ್ಕುಳಬಳ್ಳಿಯ ರಕ್ತ ಇನ್ನೊಂದಕ್ಕೆ. ಎರಡನ್ನೂ ಅವರು ಒಂದೇ ದಾರದಲ್ಲಿ ಬಿಗಿದು ಕಟ್ಟುತ್ತಿದ್ದರು. ಹೆಸರೇ ಇಡದ ಕೂಸಿನ ಸೀಸೆಯ ಮೇಲೆ ಏನಂತ ಬರೆಯುವುದು? ತಾಯಂದಿರಲ್ಲೂ ಅರ್ಧಕ್ಕರ್ಧ ಹುಲಿಗೆಮ್ಮಂದಿರೇ. ದೊಡ್ಡ ಡಾಕ್ಟರು ಆ ದಾರ ಕಂಡಾಗಲೆಲ್ಲ ಮೂಗು ಮುರಿಯುತ್ತಿದ್ದರು.

ಅವರದು ಮಸರಕಲ್ಲಿನ ಕುರಿಗಾರರ ಮನೆತನ. “ಮರಿ ಯಾವ ಕುರೀದು ಅಂತ ನಮ್ಮಪ್ಪ ದೂರದಿಂದ ನೋಡೇ ಹೇಳ್ತಿದ್ದ. ನನಗ ಅಷ್ಟು ಕಣ್ಣಿಲ್ಲ, ದಾರ ಬೇಕು” ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಸಿಫಿಲಿಸ್ ಇದ್ದ ತಾಯಿಯ ಪ್ರತಿಕಾಯಗಳು ಕೂಸಿಗೂ ಇಳಿದು ಬರುತ್ತವೆ, ಕೂಸಿಗೆ ರೋಗ ಇರಲಿ ಬಿಡಲಿ. ಅದಕ್ಕೆ ಬಂಡೆಪ್ಪನವರು ಎರಡೂ ರಕ್ತದ ತಿಳಿಯನ್ನು ಮತ್ತೆ ಮತ್ತೆ ತೆಳುಮಾಡಿ, ಪ್ರತಿಕಾಯಗಳ ಮಟ್ಟ ಅಳೆದು ಹೋಲಿಸುತ್ತಿದ್ದರು. ಕೂಸಿನ ಮಟ್ಟ ತಾಯಿಯದಕ್ಕಿಂತ ಬಹಳ ಮೇಲಿದ್ದರೆ ರೋಗ ಕೂಸಿಗೂ ತಗುಲಿದೆ ಎಂದರ್ಥ. ಹತ್ತು ದಿನ ಸೂಜಿಮದ್ದು ಕೊಟ್ಟರೆ ಉಳಿಯುತ್ತಿತ್ತು, ಆದರೆ ಬೇಗ ಕೊಡಬೇಕು. ಫಲಿತಾಂಶ ಬರುವಷ್ಟರಲ್ಲಿ ತಾಯಿ ಊರಿಗೆ ಹೋಗಿರುತ್ತಿದ್ದಳು. ಆಗ ಬಸ್ ಕಂಡಕ್ಟರ ಕೈಯಲ್ಲಿ ಚೀಟಿ ಕಳಿಸುತ್ತಿದ್ದರು.

ಅದಕ್ಕೇ ನನಗೆ ಮೊದಲ ದಿನವೇ ಹೇಳಿದ್ದರು: “ತಂಗೆವ್ವಾ, ಎರಡು ಕೇಳಬೇಕು. ಊರು ಯಾವುದು ಅಂತ ಒಂದು. ಇಲ್ಲಿಂದ ಯಾವೂರಿಗೆ ಹೋಗ್ತಿ ಅಂತ ಇನ್ನೊಂದು.”

ಒಂದು ದಿನ ವಾರ್ಡು ತುಂಬಿ ತುಳುಕುತ್ತಿತ್ತು. ಹುಲಿಗೆಮ್ಮನೆಂಬ ಚೊಚ್ಚಲ ಬಾಣಂತಿಗೆ ಊರು ಕೇಳಿದೆ, ಸಿರವಾರ ಎಂದಳು, ಬರೆದುಕೊಂಡೆ. ಎರಡನೆಯದು ಕೇಳಲಿಲ್ಲ.

ಅವಳ ಕೂಸಿನ ಮಟ್ಟ ತಾಯಿಯದಕ್ಕಿಂತ ಬಹಳ ಮೇಲಿತ್ತು. ಕೂಸನ್ನು ತಕ್ಷಣ ಕರೆತರಬೇಕೆಂದು ಚೀಟಿ ಸಿರವಾರಕ್ಕೆ ಹೋಯಿತು. ಎರಡು ವಾರ ಕಾದರೂ ಯಾರೂ ಬರದಿದ್ದಾಗ ಬಂಡೆಪ್ಪನವರು ತಾವೇ ಬಸ್ ಹತ್ತಿ ಹೋದರು. ಓದಲು ಬಾರದ ಮಾವ, ಸೊಸೆಯ ಕಾಗದವೆಂದು ಅದನ್ನು ದೇವರ ಗೂಡಿನಲ್ಲಿ ಜೋಪಾನವಾಗಿ ಇಟ್ಟಿದ್ದ. ಸೊಸೆ ಬಾಣಂತನಕ್ಕೆ ತವರೂರು ಗಬ್ಬೂರಿಗೆ ಹೋಗಿದ್ದಳು, ಐದನೆಯ ತಿಂಗಳಿಗೆ ಬರುವವಳಿದ್ದಳು. ಬಂಡೆಪ್ಪನವರು ಅಲ್ಲಿಂದಲೇ ಗಬ್ಬೂರಿಗೆ ಹೋಗಿ ತಾಯಿ ಮಗುವನ್ನು ಕರೆತಂದರು. ಸೂಜಿಮದ್ದು ಶುರುವಾದ ನಾಲ್ಕನೆಯ ದಿನ ಕೂಸು ತೀರಿಕೊಂಡಿತು.

ಹುಲಿಗೆಮ್ಮ ಅಳಲಿಲ್ಲ. “ಊರು ಕೇಳಿದ್ರು, ಗಂಡನ ಊರು ಹೇಳಿದ್ನಿ. ಮತ್ತೇನು ಹೇಳಬೇಕಿತ್ರೀ?” ಎಂದು ನನ್ನನ್ನೇ ಕೇಳಿದಳು.

ದೊಡ್ಡ ಡಾಕ್ಟರು ಎಲ್ಲರ ಮುಂದೆ ವಿಚಾರಣೆ ನಡೆಸಿದರು. ನಾನು ಬಾಯಿ ತೆರೆಯುವ ಮೊದಲೇ ಬಂಡೆಪ್ಪನವರು, ಊರು ಬರೆದುಕೊಂಡವನು ತಾನೇ ಎಂದರು. ಅವರ ಬಡ್ತಿ ನಿಂತಿತು, ಜೇಬಿನ ದಾರಕ್ಕೂ ಬೈಗುಳ ಬಿತ್ತು. ನಾನು ಸುಮ್ಮನೆ ನಿಂತಿದ್ದೆ. ಹೊಸ ಕೆಲಸ ಹೋದೀತೆಂಬ ಭಯ, ಬೇರೇನೂ ಅಲ್ಲ. ಆಮೇಲೂ ಎಷ್ಟೋ ವರ್ಷ ಹೇಳಲು ಬಾಯಿ ಬರಲಿಲ್ಲ. ಅವರೂ ಎಂದೂ ಆ ಮಾತು ಎತ್ತಲಿಲ್ಲ.

ನನಗೆ ಮದುವೆಯಾಗಿ, ಎಂಬತ್ತರ ದಶಕದ ನಡುವೆ ಅದೇ ವಾರ್ಡಿನಲ್ಲಿ ಹೆರಿಗೆಯಾಯಿತು. ನಿವೃತ್ತಿಗೆ ಹತ್ತಿರವಾಗಿದ್ದ ಬಂಡೆಪ್ಪನವರು ಮಂಚದ ಬಳಿ ಬಂದು, ಎರಡು ಸೀಸೆಗೆ ದಾರ ಸುತ್ತುತ್ತ ಊರು ಕೇಳಿದರು. ದೇವದುರ್ಗ ಅಂದುಬಿಟ್ಟೆ, ಅದು ಗಂಡನ ಊರು. ಅವರ ಕೈ ನಿಂತಿತು.

“ನೋಡವ್ವಾ, ನೀನೂ ಗಂಡನ ಊರನ್ನೇ ಹೇಳಿದಿ,” ಎಂದು ಮೆಲ್ಲಗೆ ಅಂದು, ಸ್ವಲ್ಪ ತಡೆದು ಕೇಳಿದರು: “ಇಲ್ಲಿಂದ ಯಾವೂರಿಗೆ ಹೋಗ್ತಿ?”

ಮಾನ್ವಿ ಎಂದೆ. ಅದನ್ನೂ ಬರೆದುಕೊಂಡು ಹೋದರು. ಅವರನ್ನು ನೋಡಿದ್ದು ಅದೇ ಕೊನೆ.

ನಾನು ತವರು ಮುಟ್ಟಿದ ಮೂರನೆಯ ದಿನ ಕಂಡಕ್ಟರ ಕೈಯಲ್ಲಿ ಚೀಟಿ ಬಂತು. ಕೂಸಿಗೆ ಏನೂ ಇಲ್ಲ, ಆರಾಮಾಗಿರು ಎಂದು ಅವರ ಅಕ್ಷರದಲ್ಲಿತ್ತು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಸಂತೋಷಕ್ಕೆ ಅಳುತ್ತಿದ್ದಾಳೆಂದು ಅವ್ವ ತಿಳಿದಳು. ಐದು ತಿಂಗಳ ಮೇಲೆ ಮರಳಿ, ಊರು ಬರೆದವಳು ನಾನೆಂದು ಹೇಳಲೆಂದೇ ನೇರ ದೊಡ್ಡ ಡಾಕ್ಟರ ಬಳಿ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು, ಬಂಡೆಪ್ಪ ತೀರಿಕೊಂಡು ತಿಂಗಳಾಯಿತಲ್ಲ, ಇನ್ನು ಆ ಕಡತವನ್ನು ಯಾರಿಗಾಗಿ ತಿದ್ದಲಿ ಎಂದರು.