ಮೀನಿನ ನೀರಿಗೊಂದು ಬಣ್ಣದ ಕಾಗದ

ಜೇಬಿನಲ್ಲಿ ಒಂದು ನಿಂಬೆಹಣ್ಣು, ಎಲೆಯಡಿಕೆಯ ಸುಣ್ಣ ಇಲ್ಲದೆ ಲಿಟ್ಮಸ್ ಕಾಗದ ಕೊಳ್ಳಲು ಹೋಗಬೇಡಿ. ಅಂಗಡಿಯಲ್ಲೇ ಎರಡಕ್ಕೂ ತಾಗಿಸಿ ನೋಡಿ. ಮಳೆಗಾಲದ ಥಂಡಿ ಕುಡಿದ ಕಾಗದ ಹುಳಿಗೂ ಸುಣ್ಣಕ್ಕೂ ಒಂದೇ ಮುಖ ಮಾಡುತ್ತದೆ. ನನ್ನ ನಿಂಬೆಹಣ್ಣು ಕಂಡು ಅಂಗಡಿಯಾತ, "ಏನ್ ಸಾರ್, ಪೂಜೆಗೆ ಬಂದ್ರಾ?" ಎಂದ. "ನಿನ್ನ ಸರಕಿಗೆ ದೃಷ್ಟಿ ತೆಗೆಯೋಕೆ ಕಣಪ್ಪ," ಎಂದೆ.

ಇಷ್ಟು ಒದ್ದಾಡಿದ್ದು ಅಪ್ಪನಿಗಾಗಿ. ಲಕ್ವ ಹೊಡೆದು ರಾಜಾಜಿನಗರದ ನಮ್ಮ ಮನೆಯಲ್ಲಿ ಮಲಗಿರುವ ಅವರಿಗೆ ಮಾತಿಲ್ಲ, ಕತ್ತು ಹೊರಳದು. ಕಣ್ಣೊಂದೇ ಆಡುತ್ತದೆ. ಅದಕ್ಕಾದರೂ ಕೆಲಸವಿರಲಿ ಎಂದು ಮಂಚದೆದುರು ಗಾಜಿನ ತೊಟ್ಟಿಯಿಟ್ಟು ಮೀನು ಬಿಟ್ಟೆ. ಅವು ಒಂದೊಂದಾಗಿ ತೇಲಿದವು. ಉಳಿದದ್ದು ಒಂದು ಕರಿಮೀನು. ಅದೂ ಹೋದರೆ ಅಪ್ಪನೆದುರು ಬರೀ ಗಾಜು. ನೀರೇ ಹುಳಿಯಾಗಿದೆಯೇನೋ ಎಂದು ಪರೀಕ್ಷಿಸಲು ಹೊರಟೆ.

ಲಿಟ್ಮಸ್ ಹುಳಿಯೋ ಕ್ಷಾರವೋ ಅಷ್ಟೇ ಹೇಳುತ್ತದೆ; ಎಷ್ಟು ಎಂದು ಕೇಳಿದರೆ ಮೂಕ. ತೊಟ್ಟು ಹಾಕುವ ಬಣ್ಣದ ದ್ರಾವಣ ವಾಸಿ, ಆದರೆ ಟ್ಯೂಬ್‌ಲೈಟಿನಡಿ ಹಸಿರೂ ನೀಲಿಯಾಗಿ ಕಾಣುತ್ತದೆ. ಚೌಕಾಸಿ ಮಾಡಿ, ಎಷ್ಟೆಂದು ಹೋಲಿಸಿ ನೋಡಲು ಬಣ್ಣದ ಪಟ್ಟಿಯಿರುವ ಕಾಗದದ ಪುಟ್ಟ ಕಟ್ಟು ತಂದೆ. ತೊಟ್ಟಿಯಲ್ಲಿ ಅದ್ದಿದೆ. ನೀರು ಉತ್ತಮ ಎಂದಿತು. ಮೀನು ಮೇಲೆ ಬಂದು ಬಾಯಿ ಬಿಡುತ್ತಿತ್ತು. ಡಾಕ್ಟರೂ ಹೀಗೆಯೇ: ಅಪ್ಪನ ಕಂಕುಳಿಗೆ ಥರ್ಮಾಮೀಟರ್ ಇಟ್ಟು "ನಾರ್ಮಲ್" ಎಂದು ಹೋಗುತ್ತಾರೆ.

"ಮೀನೆಲ್ಲಾ ಶನಿವಾರಾನೇ ಹೋಗ್ತವೆ ರೀ," ಎಂದಳು ಹೆಂಡತಿ. "ಎಳ್ಳು ದೀಪ ಹಚ್ಚಲಾ?"

ಶನಿವಾರದ ಹಿಂದಿನ ದಿನ ಶುಕ್ರವಾರ. ಅಂದು ದೇವರ ಪಾತ್ರೆಗಳ ಜೊತೆ ತೊಟ್ಟಿಯನ್ನೂ ತೊಳೆದು, ಆಗಷ್ಟೇ ಬಂದ ನಲ್ಲಿ ನೀರು ತುಂಬುವುದು ನಮ್ಮ ಮನೆಯ ಮಡಿ. ನಲ್ಲಿಗೆ ಮೂಗೊಡ್ಡಿದೆ: ಬ್ಲೀಚಿಂಗ್ ಪೌಡರಿನ ಘಾಟು, ಮೀನಿಗೆ ವಿಷ. ನನ್ನ ಕಾಗದ ಅದನ್ನು ಹೇಳುವ ಜಾತಿಯದಲ್ಲ.

"ಇನ್ಮೇಲೆ ಡ್ರಮ್ಮಲ್ಲಿ ಒಂದೆರಡು ದಿನ ನಿಂತು ಘಾಟು ಹೋದ ನೀರೇ ಹಾಕು, ಅದೂ ಸ್ವಲ್ಪ ಸ್ವಲ್ಪ."

"ಹಳಸಲು ನೀರಾ? ಶುಕ್ರವಾರಾನಾ?" ಎಂದು ಮುಖ ಸಿಂಡರಿಸಿದಳು. ಹಾಕಿದಳು.

ಆದ್ದರಿಂದ, ಮೊದಲು ರೋಗ ಯಾವುದೆಂದು ಕೇಳಿ, ಆಮೇಲೆ ಸಾಧನ ಕೊಳ್ಳಿ. ಮೂಗು ಮನೆಯಲ್ಲೇ ಇದೆ.

ಕರಿಮೀನು ಉಳಿದಿದೆ. ಅಪ್ಪ ಚೇತರಿಸಿಕೊಂಡಿಲ್ಲ; ಚೇತರಿಸಿಕೊಳ್ಳುತ್ತಾರೆಂದು ಯಾರೂ ಹೇಳಿಲ್ಲ. ಇವತ್ತು ಬೆಳಿಗ್ಗೆ ಮೀನು ಎಡದಿಂದ ಬಲಕ್ಕೆ ಹೋಯಿತು, ಅವರ ಕಣ್ಣೂ ಹೋಯಿತು. ತಿರುಗಿ ಬಂತು, ಕಣ್ಣೂ ಬಂತು. ಆ ಕಣ್ಣಿನ ಹಿಂದೆ ಎಷ್ಟು ಉಳಿದಿದೆ ಎಂದು ತೋರಿಸುವ ಕಾಗದ ಎಲ್ಲಾದರೂ ಸಿಗುವುದಾದರೆ ತಿಳಿಸಿ. ನಿಂಬೆಹಣ್ಣು ಒಯ್ಯುವುದಿಲ್ಲ, ಚೌಕಾಸಿಯನ್ನೂ ಮಾಡುವುದಿಲ್ಲ.