ಶಾಂಭವಿಯ ಹತ್ತು ನಿಮಿಷದ ಬೆಟ್ಟ

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ನಮ್ಮಂಥವರಿಗೆಲ್ಲ ಬಸವಕುಮಾರನ ಬೈಗುಳ ಗೊತ್ತು. ಮೋಟಾರ್ ರಿಪೇರಿಗೆ ಬಂದಾಗ ಒಸಿ ಸ್ಪೀಡ್ ಮಾಡಿಕೊಡು ಅಂದರೆ ಸಾಕು, ಮುಖ ಗಂಟು ಹಾಕಿಕೊಳ್ಳುತ್ತಿದ್ದ. ಚಕ್ರ ಎಷ್ಟು ಬೇಕಾದರೂ ತಿರುಗೀತು, ಬೆಂದ ಗೂಡು ಎಳೆ ಬಿಡಬೇಕಲ್ಲ, ಅದರ ಟೈಮು ಅದಕ್ಕೆ ಬೇಕು ಅನ್ನುತ್ತಿದ್ದ. ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ತಾನೇ ಆತುರಕ್ಕೆ ಬಿದ್ದನಲ್ಲ ಅಂತ ನನಗೆ ಇವತ್ತಿಗೂ ಸಿಟ್ಟು.

ಅವನ ಹೆಂಡತಿ ಶಾಂಭವಿ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದರು. ಗ್ರಾಫ್ ಬರೆಯುವ ಕ್ಯಾಲ್ಕುಲೇಟರ್ ಒಂದು ಅವರ ಹತ್ತಿರ ಇತ್ತು. ಅದರೊಳಗೆ ಅವರೇ ಒಂದು ಪ್ರೋಗ್ರಾಂ ಬರೆದಿಟ್ಟಿದ್ದರು. ಗುಂಡಿ ಒತ್ತಿದರೆ ಹಿತ್ತಿಲಿನಿಂದ ಕಾಣುವ ಬೆಟ್ಟ ಪುಟ್ಟ ಪರದೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಮೂಡುತ್ತಿತ್ತು. ಪೂರ್ತಿಯಾಗಲು ಹತ್ತು ನಿಮಿಷ. ಕೊನೆಗೆ ಇಂಗ್ಲಿಷ್ ಅಕ್ಷರದಲ್ಲಿ ‘ಕಾಫಿ ಆಯ್ತಾ’ ಅಂತ ಒಂದು ಸಾಲು. ಸಂಜೆ ಕಾಫಿ ಮಾಡುವ ಕೆಲಸ ಬಸವಕುಮಾರನದು, ಅವನು ನಿಧಾನಸ್ಥ ಅಂತ ಈ ಕೀಟಲೆ.

ಶಾಂಭವಿ ತೀರಿಕೊಂಡು ಎರಡು ವರ್ಷವಾಯಿತು. ಅವನು ದಿನಾ ಸಂಜೆ ಹಾಲು ಒಲೆಗಿಟ್ಟು ಆ ಗುಂಡಿ ಒತ್ತುವುದನ್ನು ಬಿಡಲಿಲ್ಲ. ಅವರಿದ್ದಾಗ ಹತ್ತು ನಿಮಿಷ ಮಾತಿಗೇ ಸಾಲುತ್ತಿರಲಿಲ್ಲವಂತೆ. ಈಗ ಖಾಲಿ ಅಡುಗೆಮನೆಯಲ್ಲಿ ಆ ಕೊನೆಯ ಸಾಲಿಗೆ ಕಾಯುವುದು ಅವನ ಕೈಲಾಗುತ್ತಿರಲಿಲ್ಲ.

ಶಾಂಭವಿಯ ಹಳೇ ವಿದ್ಯಾರ್ಥಿ ಚೈತನ್ಯ ಮಾತಾಡಿಸಲು ಬಂದಾಗ ಬಸವಕುಮಾರ ಇದನ್ನು ಬೇಗ ಓಡಿಸಲು ಆಗುತ್ತದಾ ಅಂತ ಕೇಳಿದ್ದಾನೆ. ಚೈತನ್ಯ ವೇಗ ಏರಿಸುವ ದಾರಿ ತೋರಿಸಿ, ಜೊತೆಗೆ ಎಚ್ಚರಿಕೆಯನ್ನೂ ಹೇಳಿದ. ಲೆಕ್ಕ ಮಾಡುವ ಚಿಪ್ ಓಡುತ್ತದೆ, ಆದರೆ ಅದು ಕೇಳಿದ್ದನ್ನು ಮೆಮೊರಿ ಎತ್ತಿಕೊಡಲು ಇಷ್ಟು ಹೊತ್ತು ಅಂತ ಇದೆ. ಅಷ್ಟು ಕಾಯಿಸಿದರೆ ವೇಗ ಹೆಚ್ಚೇನೂ ಏರದು, ಕಾಯಿಸದಿದ್ದರೆ ಒಳಗಿರುವುದೇ ಅಳಿಸಿಹೋಗಬಹುದು, ಮೊದಲು ಪ್ರೋಗ್ರಾಂ ಕಾಗದಕ್ಕೆ ಬರೆದಿಟ್ಟುಕೊಳ್ಳಿ ಅಂದ. ಬಸವಕುಮಾರ ನೋಟ್‌ಬುಕ್ಕಿನಲ್ಲಿ ಸಾಲು ಸಾಲಾಗಿ ಬರೆದುಕೊಂಡ. ಕೊನೆಯ ಕಾಫಿಯ ಸಾಲೊಂದನ್ನು ಬಿಟ್ಟ. ಅದು ಮರೆಯುವ ಮಾತೇ ಅಂತ.

ಮೊದಲ ದಿನ ಬೆಟ್ಟ ಏಳು ನಿಮಿಷಕ್ಕೆ ಬಂತು. ಆಮೇಲೆ ಆರು. ಅಲ್ಲಿಂದ ಮುಂದೆ ಎಷ್ಟು ಏರಿಸಿದರೂ ಮೆಮೊರಿಯ ಕಾಯುವಿಕೆ ಅಡ್ಡ ಬರುತ್ತಿತ್ತು. ಅವನು ಅದನ್ನೇ ಕಡಿಮೆ ಮಾಡಿ ಗುಂಡಿ ಒತ್ತಿದ. ಅರ್ಧ ಬೆಟ್ಟ ಬಂದು ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಿ ಪರದೆ ನಿಂತುಬಿಟ್ಟಿತು. ರೀಸೆಟ್ ಮಾಡದೆ ಬೇರೆ ದಾರಿ ಇರಲಿಲ್ಲ. ಮಾಡಿದ ಮೇಲೆ ಒಳಗೆ ಏನೂ ಇರಲಿಲ್ಲ.

ವಾರ ಬಿಟ್ಟು ನಾನು ಸುಟ್ಟ ಮೋಟಾರ್ ಹೊತ್ತುಕೊಂಡು ಹೋದಾಗ ಅವನು ನೋಟ್‌ಬುಕ್ ನೋಡಿ ಎಲ್ಲವನ್ನೂ ಮತ್ತೆ ಒತ್ತಿ ಮುಗಿಸಿದ್ದ. ವೇಗವನ್ನೂ ಮೊದಲಿನಷ್ಟಕ್ಕೇ ಇಳಿಸಿದ್ದ. ಇಬ್ಬರೂ ಕೂತು ನೋಡಿದೆವು. ಸರಿಯಾಗಿ ಹತ್ತು ನಿಮಿಷಕ್ಕೆ ಬೆಟ್ಟ ಮುಗಿಯಿತು, ‘ಕಾಫಿ ಆಯ್ತಾ’ ಅಂತಲೂ ಬಂತು. ಎಲ್ಲಾ ವಾಪಸ್ ಬಂತಲ್ಲ, ಯಾಕೆ ಮುಖ ಸಣ್ಣ ಮಾಡ್ತೀಯ ಅಂದೆ.

“ಗೂಡಿನ ವಿಷ್ಯ ನಂಗೆ ಗೊತ್ತಿತ್ತು ಕಣ್ಲಾ, ಇದೂ ಗೂಡೇ ಅಂತ ತಿಳೀಲಿಲ್ಲ” ಅಂದ. ಕ್ಯಾಲ್ಕುಲೇಟರ್ ಕೆಳಗಿಟ್ಟು ಹೇಳಿದ: “ಬೆಟ್ಟ ಅವಳು ಬರೆದಂಗೇ ಐತೆ. ಆ ಕೊನೇ ಸಾಲು ಮಾತ್ರ ನೋಟ್‌ಬುಕ್ಕಲ್ಲಿ ಇರ್ಲಿಲ್ಲ, ನಾನೇ ನೆನೆಸ್ಕಂಡು ಒತ್ತಿದ್ದು. ಈಗ ಕಾಫಿ ಆಯ್ತಾ ಅಂತ ನನ್ನ ಕೇಳೋನೂ ನಾನೇ ಆಗ್ಬುಟ್ಟೆ.”

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಅವನು ಏಳಲಿಲ್ಲ, ನಾನೇ ಹೋಗಿ ಆರಿಸಿದೆ.